ತುಲಾಭಾರದ ಬೆಲ್ಲ

“ಗುರುಗಳೇ, ಮಗುವಿನ ತೂಕ ಇಷ್ಟು ಎಂದು ಹೆತ್ತವರೇ ಹೇಳಿದ ಮೇಲೂ ನಾವು ಮತ್ತೆ ತೂಗಬೇಕೇ?” ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಲೆಕ್ಕದಲ್ಲಿ ಬಲು ಗಟ್ಟಿಗ, ಅದರ ಜಂಬವೂ ಸ್ವಲ್ಪ ಇತ್ತು. ಒಂದು ಬೆಳಿಗ್ಗೆ ಬಳೆಗಾರನೊಬ್ಬ ಹದಿನೈದು ದಿನಗಳಿಂದ ಜ್ವರದಲ್ಲಿ ಸುಡುತ್ತಿದ್ದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿಬಂದ. ಆ ಜ್ವರಕ್ಕೆ ಇದ್ದದ್ದು ಒಂದೇ ಮದ್ದು. ಆರು ಸೇರು ಮೈತೂಕಕ್ಕೆ ಒಂದು ಗುಲಗಂಜಿ ತೂಕದಷ್ಟು ಕೊಟ್ಟರೆ ಜ್ವರ ಇಳಿಯುತ್ತದೆ. ಮೀರಿದರೆ ಮೈ ತಣ್ಣಗಾಗಿ ಉಸಿರು ಕುಗ್ಗುತ್ತದೆ.

“ಮಗು ಎಷ್ಟು ತೂಗುತ್ತದೆ?” ಎಂದ ವೈದ್ಯ.

“ಸುಗ್ಗಿಯಲ್ಲಿ ತುಲಾಭಾರ ಮಾಡಿಸಿದ್ದೆವು ಸ್ವಾಮಿ. ಹದಿನೆಂಟು ಸೇರು ಬೆಲ್ಲ ಹಿಡಿಯಿತು.”

ತಕ್ಕಡಿ ಒಳಮನೆಯಲ್ಲಿತ್ತು. ದೇವರ ಮುಂದೆ ತೂಗಿದ್ದನ್ನು ಮತ್ತೆ ತೂಗುವುದೇನು ಎಂದುಕೊಂಡ ವೈದ್ಯ, ಮೂರು ಗುಲಗಂಜಿ ಮದ್ದನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದ.

ಜ್ವರ ಬೇಗ ಇಳಿಯಿತು. ಬೇಗ ಎಂದರೆ, ಬೇಕಾದ್ದಕ್ಕಿಂತ ಬೇಗ. ಮಧ್ಯಾಹ್ನಕ್ಕೆ ಮಗುವಿನ ಅಂಗಾಲು ತಣ್ಣಗಾಯಿತು, ಕರೆದರೆ ಕಣ್ಣು ತೆರೆಯಲಿಲ್ಲ. ವೈದ್ಯ ಲೆಕ್ಕವನ್ನು ನಾಲ್ಕು ಸಲ ಮಾಡಿದ. ನಾಲ್ಕು ಸಲವೂ ಸರಿಯಾಗಿಯೇ ಬಂತು. ಕಾಲು ಸುಟ್ಟ ಬೆಕ್ಕಿನಂತೆ ಜಗಲಿಗೂ ಒಳಗೂ ಓಡಾಡಿದ. ಕೊನೆಗೆ ತಡೆಯಲಾರದೆ, “ನಿಜ ಹೇಳು, ಬೆಲ್ಲ ಹದಿನೆಂಟು ಸೇರೇ ಇತ್ತೇ?” ಎಂದು ಕೇಳಿದ.

ಬಳೆಗಾರನಿಗೆ ನೋವಾಯಿತು. “ದೇವರ ವಿಷಯದಲ್ಲಿ ಸುಳ್ಳು ಹೇಳುತ್ತೇನೆಯೇ ಸ್ವಾಮಿ? ಮಗು ಕೂತ ತಟ್ಟೆ ಮೇಲೆದ್ದ ಮೇಲೂ, ನಮ್ಮ ಪದ್ಧತಿಯಂತೆ, ಇನ್ನೂ ಐದು ಅಚ್ಚು ಬೆಲ್ಲ ಹೆಚ್ಚಿಗೇ ಇಟ್ಟೆವು. ದೇವರಿಗೆ ಕೊಡುವಾಗ ಯಾರಾದರೂ ಸರಿಸಮ ತೂಗುತ್ತಾರೆಯೇ?”

ವೈದ್ಯ ಒಳಮನೆಗೆ ಓಡಿದ. ತಕ್ಕಡಿ ತಂದು ಮಗುವನ್ನು ತೂಗಿದ. ಹನ್ನೆರಡು ಸೇರು. ದೇವರಿಗೆಂದು ಹೆಚ್ಚಿಗೆ ಇಟ್ಟದ್ದು ಒಂದಿಷ್ಟು, ಹದಿನೈದು ದಿನದ ಕಾಯಿಲೆ ತಿಂದದ್ದು ಒಂದಿಷ್ಟು. ಅವನಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಮಗುವಿನ ಅಂಗಾಲು ತಿಕ್ಕುತ್ತ, ಗಳಿಗೆಗೊಮ್ಮೆ ಮೂಗಿನ ಬಳಿ ಬೆರಳು ಹಿಡಿಯುತ್ತ, ಅನ್ನ ನೀರು ಮುಟ್ಟದೆ ಕುಳಿತ. ದೀಪ ಹಚ್ಚುವ ಹೊತ್ತಿಗೆ ಮಗು ಕಣ್ಣು ತೆರೆದು ನೀರು ಕೇಳಿತು.

ಶಿಷ್ಯ ನಿಟ್ಟುಸಿರು ಬಿಟ್ಟ. “ಅಂತೂ ಮಗು ಉಳಿಯಿತು. ಅಷ್ಟು ಸಾಕಲ್ಲವೇ ಗುರುಗಳೇ?”

ಗುರುಗಳು ಹೇಳಿದರು: “ಊರಿನವರಿಗೂ ಅಷ್ಟೇ ಸಾಕಾಯಿತು, ವೈದ್ಯನ ಕೈಗುಣ ದೊಡ್ಡದೆಂದು ಮರುದಿನ ಇನ್ನೂ ಹತ್ತು ಮಕ್ಕಳನ್ನು ಕರೆತಂದು, ಒಂದೊಂದರ ತೂಕವನ್ನೂ ತಾವೇ ಹೇಳಿದರು.”