ದೋಣಿ ಕೇಳಿದ ಸೂಲಗಿತ್ತಿ

"ಗುರುಗಳೇ, ಬೊಕ್ಕಸದಲ್ಲಿ ಇರುವುದು ಕಡಿಮೆ, ನಾಡಿನಲ್ಲಿ ಕಾಯಿಲೆ ಬಿದ್ದವರು ಹೆಚ್ಚು. ಹೀಗಿರುವಾಗ ಅರಸನಾದವನು ಮೊದಲು ಯಾವುದಕ್ಕೆ ಕೊಡಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅರಸ ಹೊಳೆಯ ದಡದ ಊರೊಂದರಲ್ಲಿ ವೈದ್ಯಶಾಲೆ ಕಟ್ಟಿಸಿದ್ದ. ಅವನೇನೂ ಕೆಟ್ಟ ಅರಸನಲ್ಲ. ಪ್ರಜೆಗಳು ಮದ್ದಿಲ್ಲದೆ ಸಾಯಬಾರದು ಎಂದು ನಿಜವಾಗಿಯೂ ಬಯಸಿದವನು. ಹುಡುಕಿ ಹುಡುಕಿ ಒಳ್ಳೆಯ ವೈದ್ಯರನ್ನೇ ತಂದಿಟ್ಟಿದ್ದ. ಆದರೆ ಹೊಳೆಯ ಆಚೆಗೂ ಏಳು ಹಳ್ಳಿಗಳಿದ್ದವು. ಅಲ್ಲಿಯವರಿಗೆ ಇದ್ದ ಒಂದೇ ದೋಣಿ ಒಡೆದು ಆರು ವರ್ಷವಾಗಿತ್ತು. ವರ್ಷ ವರ್ಷ ಹಣ ಹಂಚುವಾಗ ಮೊದಲು ಸೈನ್ಯ, ಆಮೇಲೆ ಕೋಟೆ, ಆಮೇಲೆ ವೈದ್ಯಶಾಲೆ. ವೈದ್ಯಶಾಲೆಯ ಪಾಲಿಗೆ ಬಂದದ್ದು ಕಲ್ಲು ಕಂಬಗಳಲ್ಲೇ ಮುಗಿಯುತ್ತಿತ್ತು. ದೋಣಿಯ ಸರದಿ ಬರುವ ಹೊತ್ತಿಗೆ ಬೊಕ್ಕಸ ಖಾಲಿ.

ಆಚೆ ದಡದಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ವಯಸ್ಸು ಅರವತ್ತು ದಾಟಿತ್ತು. ಹಳ್ಳಿಯಲ್ಲಿ ಯಾರು ಹಾಸಿಗೆ ಹಿಡಿದರೂ ಒಣಗಿದ ಸೋರೆಬುರುಡೆಯನ್ನು ಎದೆಗೆ ಕಟ್ಟಿಕೊಂಡು ಹೊಳೆಗೆ ಇಳಿಯುತ್ತಿದ್ದಳು. ಈಜಿ ಬಂದು ವೈದ್ಯರಿಂದ ಮದ್ದು ಪಡೆದು, ಆ ಗಂಟನ್ನು ತಲೆಯ ಮೇಲೆ ಬಿಗಿದುಕೊಂಡು ಮತ್ತೆ ಈಜಿ ಹೋಗುತ್ತಿದ್ದಳು. ಆರು ವರ್ಷದಲ್ಲಿ ಒಂದು ಚಿಟಿಕೆ ಪುಡಿಯನ್ನೂ ನೆನೆಸಿದವಳಲ್ಲ. ಅಂಥವಳು ನಾಡಿಗೆ ಒಬ್ಬಳು ಸಿಕ್ಕರೆ ಅದು ನಾಡಿನ ಪುಣ್ಯ.

ಸುದ್ದಿ ಅರಸನ ಕಿವಿಗೂ ಬಿತ್ತು. ವೈದ್ಯಶಾಲೆಯ ಹೊಸ ಮಹಡಿಯನ್ನು ನೋಡಲು ಪರಿವಾರದೊಂದಿಗೆ ಬಂದವನು ಅವಳನ್ನು ಕರೆಸಿದ. ಒದ್ದೆ ಸೀರೆಯಲ್ಲೇ ಬಂದು ನಿಂತ ಮುದುಕಿಗೆ ತಾನೇ ಎದ್ದು ಶಾಲು ಹೊದಿಸಿದ. "ನಿನಗೆ ಏನು ಬೇಕು, ಕೇಳು ತಾಯಿ" ಎಂದ.

"ಒಂದು ದೋಣಿ ಬೇಕು ಬುದ್ಧಿ" ಎಂದಳು ಅವಳು. "ನಮ್ಮೂರಲ್ಲಿ ಒಬ್ಬಳಿಗೆ ದಿನ ತುಂಬ್ತಾ ಬಂತು. ಕೂಸು ಅಡ್ಡ ತಿರುಗಿದೆ, ನನ್ನ ಕೈಯಲ್ಲಿ ಆಗೋ ಹೆರಿಗೆ ಅಲ್ಲ. ವೈದ್ಯರಿಗೆ ಈಜು ಬರಲ್ಲ. ಅವಳನ್ನೇ ಇಲ್ಲಿಗೆ ಕರ್ಕೊಂಡು ಬರಬೇಕು."

ಮಂತ್ರಿ ಲೆಕ್ಕದಲ್ಲಿ ಗಟ್ಟಿಗ. "ಪ್ರಭು, ಈ ವರ್ಷ ಹಣದ ಕೊರತೆ ಇದೆ. ಈಕೆ ದೋಣಿಯಿಲ್ಲದೆಯೇ ಇಷ್ಟು ಜೀವ ಉಳಿಸಿದ್ದಾಳೆ. ದೋಣಿ ಇಲ್ಲದಿದ್ದರೂ ನಡೆಯುತ್ತದೆ ಎಂದು ತೋರಿಸಿಕೊಟ್ಟವಳೇ ಈಕೆ" ಎಂದ. ಸುತ್ತಲಿದ್ದವರೆಲ್ಲ ಮೆಚ್ಚಿ ತಲೆಯಾಡಿಸಿದರು.

"ನಾನು ಈಜ್ತೀನಿ ಸ್ವಾಮಿ" ಎಂದಳು ಸೂಲಗಿತ್ತಿ. "ಬಸುರಿ ಈಜ್ತಾಳಾ?"

ಅರಸ ತಲೆ ತಗ್ಗಿಸಿದ. "ಬರುವ ವರ್ಷ ದೋಣಿಗೇ ಮೊದಲ ಹಣ" ಎಂದ. ಆ ಮಾತನ್ನು ಅವನು ಮನಸಾರೆ ಹೇಳಿದ.

ಅವಳು ಕೈ ಮುಗಿದಳು. ಶಾಲನ್ನು ಮಡಿಸಿ ಮದ್ದಿನ ಗಂಟಿಗೆ ಸೇರಿಸಿ ತಲೆಗೆ ಕಟ್ಟಿಕೊಂಡಳು. ಸೋರೆಬುರುಡೆಯನ್ನು ಎದೆಗೆ ಬಿಗಿದು ಹೊಳೆಗೆ ಇಳಿದಳು. ಹೊಳೆ ತುಂಬಿ ಹರಿಯುತ್ತಿತ್ತು. ಅರಸ, ಮಂತ್ರಿ, ವೈದ್ಯರು ಎಲ್ಲರೂ ದಡಕ್ಕೆ ಬಂದು ನಿಂತರು. ಅವಳು ಆಚೆ ದಡ ಹತ್ತುವವರೆಗೂ ಒಬ್ಬರೂ ಕದಲಲಿಲ್ಲ. ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಕಣ್ಣೂ ತುಂಬಿತ್ತು. "ಎಂಥ ತಾಯಿ, ಗುರುಗಳೇ! ಅವಳಿಗೆ ಎಷ್ಟು ಸಲ ಕೈ ಮುಗಿದರೂ ಸಾಲದು" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ಆ ಬಸುರಿ ಏನಾದಳೆಂದು ದಡದಲ್ಲಿ ನಿಂತವರೂ ಕೇಳಲಿಲ್ಲ."