ತೊಂದರೆ ಕೊಡದ ಅತಿಥಿ

"ಗುರುಗಳೇ, ಗುರುತಿಲ್ಲದವರ ಮನೆಯಲ್ಲಿ ವರ್ಷವಿಡೀ ಇರಬೇಕಾದರೆ ಅವರಿಗೆ ಹೊರೆಯಾಗದಂತೆ ಇರುವುದು ಹೇಗೆ?" ಎಂದು ಭಾರ್ಗವಿ ಕೇಳಿದಳು.

ಅವಳು ಗುರುಗಳ ಬಳಿ ಸಂಜೆಯ ಪಾಠಕ್ಕೆ ಬರುವ ಹುಡುಗಿ. ಹತ್ತನೆಯ ತರಗತಿ ಮುಗಿದಿತ್ತು. ಮುಂದಿನ ಒಂದು ವರ್ಷ ಪರದೇಶದ ಶಾಲೆಯಲ್ಲಿ ಓದಬೇಕು, ಅಲ್ಲಿನ ಒಂದು ಸಂಸಾರದ ಜೊತೆ ಇರಬೇಕು ಎಂಬುದು ಅವಳ ಆಸೆ. ಶಾಲೆಯವರು ಒಪ್ಪಿದ್ದರು, ಮನೆಯವರೂ ಒಪ್ಪಿದ್ದರು. ಆ ಸಂಸಾರ ತನ್ನನ್ನು ಒಪ್ಪೀತೇ, ಒಪ್ಪಿದರೂ ನಡುವೆ ಬೇಸತ್ತು ಬೇರೆ ಮನೆ ನೋಡಿಕೋ ಎಂದುಬಿಟ್ಟರೆ ಏನು ಗತಿ ಎಂಬುದೊಂದೇ ಹೆದರಿಕೆ. ಆ ಹೆದರಿಕೆಯಲ್ಲಿ ಅವಳು ಒಳ್ಳೆಯ ಅತಿಥಿಯಾಗುವ ಅಭ್ಯಾಸವನ್ನು ಈಗಲೇ ಶುರುಮಾಡಿದ್ದಳು. ಮೊನ್ನೆ ನಮ್ಮ ಮನೆಯ ಪಾಯಸಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು, ನೀನೊಬ್ಬಳೇ ಚೆನ್ನಾಗಿದೆ ಎಂದು ಕುಡಿದೆ ಎಂದು ಗುರುಗಳು ಮೊದಲು ರೇಗಿಸಿದರು. ಆಮೇಲೆ ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಕಡಲಾಚೆಯ ದೇಶದಲ್ಲಿ ಅವನಿಗೊಬ್ಬ ವ್ಯಾಪಾರಿ ಗೆಳೆಯನಿದ್ದ. ಇಬ್ಬರಿಗೂ ಒಬ್ಬೊಬ್ಬನೇ ಮಗ, ಇಬ್ಬರು ಹುಡುಗರದೂ ಮೀಸೆ ಚಿಗುರುವ ವಯಸ್ಸು. ನನ್ನ ಮಗ ಒಂದು ವರ್ಷ ನಿನ್ನ ಮನೆಯಲ್ಲಿರಲಿ, ನಿನ್ನ ಮಗ ನನ್ನ ಮನೆಯಲ್ಲಿರಲಿ, ಒಬ್ಬರ ನಡೆನುಡಿ ಇನ್ನೊಬ್ಬರು ಕಲಿಯಲಿ ಎಂದು ಗೆಳೆಯರು ಮಾತಾಡಿಕೊಂಡರು. ಹಡಗು ಹತ್ತುವಾಗ ಈ ಊರಿನ ವ್ಯಾಪಾರಿ ತನ್ನ ಮಗನಿಗೆ ಹೇಳಿದ್ದು ಒಂದೇ ಮಾತು: ಆ ಮನೆಯಿಂದ ನಿನ್ನ ಮೇಲೆ ದೂರು ಬರಬಾರದು.

ಮಗ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಅವನೊಳಗೆ ಇನ್ನೊಂದು ಆಸೆಯೂ ಇತ್ತು. ದೂರು ಬಾರದಿದ್ದರೆ ಸಾಲದು, ಆ ಮನೆಯವರು ತನ್ನನ್ನು ತಮ್ಮವನೆಂದುಕೊಳ್ಳಬೇಕು.

ಮೊದಲ ದಿನ ಊಟಕ್ಕೆ ಕುಳಿತಾಗ ಮನೆಯಾಕೆ, ಇನ್ನಷ್ಟು ಬಡಿಸಲೇ ಎಂದು ಕೇಳಿದಳು. ಹುಡುಗ ಸಾಕು ಎಂದ. ನಮ್ಮ ಕಡೆ ಸಾಕು ಎಂದರೆ ಊಟ ಈಗ ಶುರುವಾಯಿತು ಎಂದು ತಿಳಿಯಬೇಕು. ಉಣ್ಣುವವನು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ, ಬಡಿಸುವವಳು ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಸುರಿಯುತ್ತಾಳೆ. ಆ ದೇಶದಲ್ಲಿ ಹಾಗಲ್ಲ. ಬೇಡವೆಂದವನನ್ನು ಮತ್ತೆ ಒತ್ತಾಯಿಸಿದರೆ ಅವನ ಮಾತನ್ನು ನಂಬದೆ ಅವಮಾನ ಮಾಡಿದಂತೆ. ಅಲ್ಲಿ ಒಂದೇ ಸಲ ಕೇಳುತ್ತಾರೆ. ಮನೆಯಾಕೆ ಪಾತ್ರೆ ಮುಚ್ಚಿದಳು. ಹುಡುಗ ಅರೆಹೊಟ್ಟೆಯಲ್ಲಿ ಎದ್ದ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇವನಿಗೂ ಬಾಯಿತ್ತು, ಆದರೆ ಬಾಯಿ ಬಿಡಲಿಲ್ಲ. ಕೆಲವು ದಿನಗಳಲ್ಲೇ ಆ ದೇಶದ ರೀತಿ ಅವನಿಗೆ ತಿಳಿಯಿತು. ತಿಳಿದ ಮೇಲೂ ಬೇಕು ಎನ್ನಲು ನಾಲಿಗೆ ಏಳಲಿಲ್ಲ. ಇಷ್ಟು ದಿನ ಸಾಕು ಎಂದವನು ಈಗ ಬೇಕು ಎಂದರೆ ಏನೆಂದುಕೊಂಡಾರು ಎಂದು ಸಂಕೋಚಪಟ್ಟ. ಚಳಿಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದ. ಮನೆಯ ನೆನಪಾಗುತ್ತದೆಯೇ ಎಂದರೂ ಇಲ್ಲ ಎನ್ನುತ್ತಿದ್ದ.

ಅವನಿಗೆ ಕೊಟ್ಟದ್ದು ಆ ಮನೆಯ ಮಗನ ಕೋಣೆ. ಅಲ್ಲಿದ್ದ ಒಂದು ವಸ್ತುವನ್ನೂ ಅವನು ಅತ್ತಿತ್ತ ಮಾಡಲಿಲ್ಲ. ಬೆಳಗಾಗುವ ಮೊದಲೇ ಎದ್ದು, ರಾತ್ರಿ ಅಲ್ಲಿ ಯಾರೂ ಮಲಗಿರಲಿಲ್ಲವೇನೋ ಎಂಬಂತೆ ಹೊದಿಕೆ ಮಡಿಸಿಡುತ್ತಿದ್ದ. ಮನೆಯಾಕೆ ದಿನವೂ ಬೆಳಿಗ್ಗೆ ಬಾಗಿಲವರೆಗೆ ಬಂದು ಇಣುಕಿ ನೋಡಿ, ಮಾಡಲು ಏನೂ ಇಲ್ಲದೆ ಹಿಂದಿರುಗುತ್ತಿದ್ದಳು. ತಾನು ಗೆದ್ದೆ ಎಂದು ಹುಡುಗ ಅಂದುಕೊಳ್ಳುತ್ತಿದ್ದ.

ಒಮ್ಮೆ ಜ್ವರ ಬಂತು. ಓದುತ್ತಿದ್ದೇನೆ ಎಂದು ಸುಳ್ಳು ಹೇಳಿ ಕದವಿಕ್ಕಿಕೊಂಡು ಮಲಗಿದ. ಆಕೆ ಬಿಸಿ ಗಂಜಿಯ ಬಟ್ಟಲು ಹಿಡಿದು ಬಂದು ಕದ ತಟ್ಟಿದಳು. ಹಸಿವಿಲ್ಲ, ತಾವು ತೊಂದರೆ ತೆಗೆದುಕೊಳ್ಳಬೇಡಿ ಎಂದು ಒಳಗಿನಿಂದಲೇ ಹೇಳಿದ. ಆಕೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಅವನ ಮಾತನ್ನು ನಂಬಿ ಹೊರಟುಹೋದಳು. ಹುಡುಗನಿಗೆ ಅಳು ಬಂತು. ಇನ್ನೊಂದು ಸಲ ಕೇಳಿದ್ದರೆ ಕದ ತೆಗೆಯುತ್ತಿದ್ದ.

ವರ್ಷ ತುಂಬಿತು. ಆ ದೇಶದ ನುಡಿಯನ್ನೂ ವ್ಯಾಪಾರದ ರೀತಿಯನ್ನೂ ಅವನು ಚೆನ್ನಾಗಿಯೇ ಕಲಿತಿದ್ದ. ಹೊರಡುವ ದಿನ ಮನೆಯಾಕೆ, ನಿನ್ನಿಂದ ನಮಗೆ ಒಂದು ದಿನವೂ ತೊಂದರೆಯಾಗಲಿಲ್ಲ, ಸುಖವಾಗಿ ಹೋಗು ಎಂದಳು. ಅವನು ಹೊಸ್ತಿಲಲ್ಲಿ ಕೊಂಚ ತಡೆದ. ನಮ್ಮಲ್ಲಿ ಯಾರನ್ನೂ ಬರಿದೇ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಆ ಒಂದು ಕರೆಗಾಗಿ ಕಾದ. ಆಕೆ ಕರೆಯಲಿಲ್ಲ.

ಊರಿಗೆ ಬಂದಾಗ ತಂದೆ ಬೆನ್ನು ತಟ್ಟಿದ. ನನ್ನ ಮಗನ ಮೇಲೆ ಒಂದು ದೂರೂ ಇಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ಬಂದ. ಗೆಳೆಯನ ಮಗ ಅದಾಗಲೇ ತನ್ನ ದೇಶಕ್ಕೆ ಹಡಗು ಹತ್ತಿದ್ದ. ತಾಯಿ ಮಗನಿಗೆ ಎಲೆ ಹಾಕಿ ಬಡಿಸಲು ಕುಳಿತವಳು ಅನ್ನದ ಮೇಲೆ ಸಾರು ಬಡಿಸುವ ಬದಲು ಹಾಲು ಸುರಿದಳು. ತಪ್ಪು ತಿಳಿದು ಪಾತ್ರೆ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಪರದೇಶದ ಹುಡುಗನಿಗೆ ಖಾರ ಆಗುತ್ತಿರಲಿಲ್ಲವಂತೆ, ಹೆಚ್ಚಾಗಿ ಹಾಲನ್ನವನ್ನೇ ಬಡಿಸಿ ಅವಳ ಕೈಗೆ ಅದೇ ರೂಢಿಯಾಗಿತ್ತಂತೆ. ಮೊದಲ ತುತ್ತಿಗೇ ಎಲೆ ಬಿಟ್ಟೆದ್ದು ನೀರಿನ ಕೊಡದ ಬಳಿಗೆ ಓಡಿದ್ದನಂತೆ. ಒಂದು ದಿನ ಮನೆಗೆ ಹೋಗುತ್ತೇನೆಂದು ಹಟ ಹಿಡಿದು ಅಟ್ಟ ಹತ್ತಿ ಕುಳಿತನಂತೆ. ಇವಳೂ ಏಣಿ ಹತ್ತಿ ಹೋಗಿ, ಕತ್ತಲಾಗುವವರೆಗೆ ಪಕ್ಕದಲ್ಲಿ ಕುಳಿತಿದ್ದಳಂತೆ. ಜ್ವರ ಬಂದಾಗ ಮನೆಮಂದಿಯನ್ನೆಲ್ಲ ಕುಣಿಸಿಬಿಟ್ಟನಂತೆ.

ಮಗನಿಗೆ ಹೊಟ್ಟೆ ಉರಿಯಿತು. "ಅಷ್ಟು ಕಾಟ ಕೊಟ್ಟವನಿಗಾಗಿ ಯಾಕಮ್ಮ ಅಳ್ತೀಯ?" ಎಂದ.

"ಕಾಟ ಕೊಟ್ಟ, ನಿಜ. ಅವನ ದೆಸೆಯಿಂದ ಖಾರವಿಲ್ಲದ ಸಾರು ಮಾಡೋದು ಕಲಿತೆ, ಅವನ ಭಾಷೆಯಲ್ಲೇ ಅವನನ್ನು ಬೈಯೋದೂ ಕಲಿತೆ" ಎಂದು ತಾಯಿ ಅಳುವಿನ ನಡುವೆ ನಕ್ಕಳು. "ನಿನ್ನನ್ನು ನೋಡಿಕೊಂಡ ಆ ತಾಯಿ ನಿನಗಾಗಿ ಏನು ಕಲಿತಳಪ್ಪ?"

ಮಗ ತಲೆ ತಗ್ಗಿಸಿ ಹಾಲನ್ನವನ್ನೇ ಕಲಸಿಕೊಂಡು ಉಂಡ.

ಗುರುಗಳು ಕತೆ ನಿಲ್ಲಿಸಿದರು. ಭಾರ್ಗವಿಗೆ ಆ ಹುಡುಗನ ಮೇಲೆ ಕನಿಕರ ಬಂತು. ಕತೆ ಹೇಳಿದವರ ಮೇಲೆ ಸ್ವಲ್ಪ ಸಿಟ್ಟೂ ಬಂತು.

"ತಂದೆ ಹೇಳಿದಂತೆ ನಡೆದುಕೊಂಡ, ಯಾರಿಗೂ ನೋವು ಮಾಡಲಿಲ್ಲ. ಅವನ ತಪ್ಪೇನು ಗುರುಗಳೇ?" ಎಂದಳು.

ಗುರುಗಳು ಹೇಳಿದರು: "ತನ್ನ ಮಗನನ್ನು ಕಡಲಾಚೆ ಕಳಿಸಿದ್ದ ಆ ಮನೆಯ ತಾಯಿಯನ್ನು ವರ್ಷವಿಡೀ ಬರಿಗೈಯಲ್ಲಿ ಕೂರಿಸಿದ್ದು."