ನಲವತ್ತೊಂದನೆಯ ಬಸ್ಕಿ

ತುಂಗಭದ್ರೆಯ ದಂಡೆಯ ಮೇಲೆ ಉಸ್ತಾದ ಚಮನಸಾಬರ ಗರಡಿ. ಚಪ್ಪಲಿಯನ್ನೂ ಸಿಟ್ಟನ್ನೂ ಹೊರಗೆ ಬಿಟ್ಟು ಬರಬೇಕು ಎನ್ನುವುದು ಅಲ್ಲಿಯ ಕಟ್ಟಳೆ.

ಆ ದಿನ ಬೆಳಿಗ್ಗೆ ಕೊಟ್ರೇಶ ಚಪ್ಪಲಿಯನ್ನಷ್ಟೇ ಬಿಟ್ಟು ಒಳಗೆ ಬಂದ.

ಉಳಿದ ಪೈಲ್ವಾನರು ಸಾಮು ಮುಗಿಸಿ ಹೊಳೆಗೆ ಮೀಯಲು ಹೋಗಿದ್ದರು. ಉಸ್ತಾದರೊಬ್ಬರೇ ಕಟ್ಟೆಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಎಪ್ಪತ್ತೆರಡು ವರ್ಷದ ಮಂಡಿ, ಹೇಳಿದ ಮಾತು ಕೇಳುತ್ತಿರಲಿಲ್ಲ.

“ಠಾಣೆ ನಾಯಿ ಕೊರಳಿಗೆ ಕಟ್ಯಾರ, ಉಸ್ತಾದ್ರ!”

“ಏನಲೇ ಕಟ್ಯಾರ?”

“ನನ್ನ ಸೀಟೀನ!”

ಕೊಟ್ರೇಶ ಸೇತುವೆಯ ಆಚೆಗಿನ ಅಗ್ನಿಶಾಮಕ ಠಾಣೆಯಲ್ಲಿ ಫೈರ್‌ಮನ್. ಮೀಸೆ ಮೂಡುವ ಮೊದಲೇ ಈ ಗರಡಿಯ ಮಣ್ಣು ಮೆತ್ತಿಕೊಂಡ ಮೈ ಅವನದು. ಹೊರಗಿನ ಮೇಷ್ಟ್ರು ಬೇಡ, ಜೊತೆಯಲ್ಲಿ ಬೆಂಕಿಗೆ ಹೋಗುವವನೇ ಜೊತೆಗಾರರಿಗೆ ವ್ಯಾಯಾಮ ಕಲಿಸಲಿ ಎಂದು ಮೇಲಿನವರು ಒಂದು ಯೋಜನೆ ಮಾಡಿದ್ದರು. ಠಾಣೆಗೊಬ್ಬರಂತೆ ಆರಿಸಿ, ಆರು ದಿನ ತರಬೇತಿ ಕೊಟ್ಟು, ಒಂದು ಬನಿಯನ್, ಒಂದು ಸೀಟಿ ಕೈಗಿಟ್ಟು ಕಳಿಸಿದ್ದರು.

ಅವನ ಠಾಣೆಯಲ್ಲಿ ಯಾರು ಹೋಗುತ್ತೀರಿ ಎಂದು ಕೇಳಿದಾಗ ಕೊಟ್ರೇಶ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ. ಅದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಒಂದು ಅರಳೆ ಗಿರಣಿಗೆ ಬೆಂಕಿ ಬಿದ್ದಾಗ, ಹೆಗಲ ಮೇಲೆ ನೀರಿನ ಪೈಪು ಹೊತ್ತಿದ್ದ ಅದೇ ಠಾಣೆಯ ನಾಗೇಂದ್ರಪ್ಪ ಮೆಟ್ಟಿಲ ಮೇಲೆಯೇ ಕುಸಿದು ಸತ್ತಿದ್ದ. ವಯಸ್ಸು ನಲವತ್ತಾರು. ಬೆಂಕಿ ಅವನ ಒಂದು ಕೂದಲನ್ನೂ ಸುಟ್ಟಿರಲಿಲ್ಲ. ಎದೆ ನಿಂತಿತ್ತು, ಅಷ್ಟೆ.

“ಹದಿನಾಲ್ಕು ಮಂದಿ ಅದೀವಿ,” ಕೊಟ್ರೇಶ ಹೇಳಿದ. “ಮೊದಲನೇ ದಿನ ಹನ್ನೊಂದು ಮಂದಿ ಬಂದ್ರು. ಮೂರನೇ ದಿನಕ್ಕ ಐದು. ಇವತ್ತು ಒಬ್ಬರೂ ಇಲ್ಲ. ಚಾ ಕುಡಕೊಂತ ಕ್ಯಾರಂ ಆಡಾಕ ಹತ್ಯಾರ! ನಾಗೇಂದ್ರಣ್ಣನ ಫೋಟೋ ಅದೇ ಗ್ವಾಡಿ ಮ್ಯಾಲೆ ಐತಿ, ಅದರ ಕೆಳಗ ಕುಂತು! ಮನುಷ್ಯಾರೇನ್ರಿ ಇವರು?”

“ನಾಯಿಗೆ ಸೀಟಿ ಒಪ್ಪತೈತೇನು?”

“ನಗಬ್ಯಾಡ್ರಿ ಉಸ್ತಾದ್ರ! ನನಗ ಮೈ ಉರೀತೈತಿ.”

ಉಸ್ತಾದರು ನಗುವುದನ್ನು ನಿಲ್ಲಿಸಿದರು. “ಏನು ಸಾಮು ಹೇಳಿಕೊಟ್ಟಿ?”

“ಮೆಟ್ಟಿಲು ಹತ್ತೋದು. ಠಾಣೆ ಹಿಂದ ತಾಲೀಮಿನ ಟವರ್ ಐತಲ್ಲ, ಮೂರು ಅಂತಸ್ತು. ಪೈಪಿನ ಸುರುಳಿ ಹೆಗಲಿಗಿಟ್ಟು ಹತ್ತಬೇಕು. ಯಾರು ಎಷ್ಟು ಹೊತ್ತಿಗೆ ಹತ್ತಿದ್ರು ಅಂತ ಬೋರ್ಡ್ ಮ್ಯಾಲೆ ಬರದೆ. ಹಿಂದ ಬಿದ್ದೋರ ಹೆಸರು ಕೆಂಪು ಸೀಮೆಸುಣ್ಣದಾಗ.”

“ಹಿಂದ ಬಿದ್ದೋರು ಯಾರು?”

“ಯಾರು ಅಂದ್ರೇನ್ರಿ, ಡ್ರೈವರ್ ಗದಿಗೆಪ್ಪ! ಐವತ್ತೊಂದು ವರ್ಷ, ಇಷ್ಟು ದೊಡ್ಡ ಹೊಟ್ಟಿ. ಮೊದಲನೇ ತಿರುವಿಗೇ ಕುಂತುಬಿಟ್ಟ. ಮರುದಿನದಿಂದ ಬರ್ಲೇ ಇಲ್ಲ. ಅವನ್ನ ನೋಡಿ ಉಳಿದೋರೂ ಬಿಟ್ರು. ನಾಯಿಗೆ ಸೀಟಿ ಕಟ್ಟಿದ್ದೂ ಅವನ ಕಡೆಯವರೇ.”

ಕೊಟ್ರೇಶ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. ಗದಿಗೆಪ್ಪ ಕೆಲಸಕ್ಕೆ ಲಾಯಕ್ಕಿಲ್ಲ, ಅವನನ್ನು ಗಾಡಿಯಿಂದ ಇಳಿಸಿ ಠಾಣೆಯ ಫೋನಿನ ಮುಂದೆ ಕೂರಿಸಬೇಕು ಎಂದು ಸಾಹೇಬರಿಗೆ ಬರೆದ ದೂರು. ಇಪ್ಪತ್ತಾರು ವರ್ಷ ಗಾಡಿ ಓಡಿಸಿದವನಿಗೆ ಅದು ಎಂಥ ಮಾತು ಎಂದು ಕೊಟ್ರೇಶನಿಗೂ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದ.

“ಸಾಹೇಬ್ರು ಹತ್ತಕ್ಕ ಬರ್ತಾರ. ಕೈಯಾಗ ಇಡ್ತೀನಿ.”

“ಹತ್ತಕ್ಕ ಇನ್ನೂ ಹೊತ್ತೈತಿ,” ಎಂದರು ಉಸ್ತಾದರು. “ಅಂಗಿ ತೆಗಿ. ನೂರು ಬಸ್ಕಿ ಹೊಡಿ.”

ಆ ಗರಡಿಯಲ್ಲಿ ಯಾರೂ ತಮ್ಮ ಬಸ್ಕಿಯನ್ನು ತಾವೇ ಎಣಿಸುವಂತಿರಲಿಲ್ಲ. ಹೊಡೆಯುವವನು ಗೋಡೆಯ ಹನುಮಪ್ಪನ ಪಟದ ಕಡೆ ಮುಖ ಮಾಡಬೇಕು. ಜೋಡಿಯವನು ಹಿಂದೆ ನಿಂತು ಬಾಯಿಬಿಟ್ಟು ಎಣಿಸಬೇಕು. ಎಣಿಸುವ ದನಿ ನಿಂತರೆ ಬಸ್ಕಿಯೂ ನಿಲ್ಲಬೇಕು. ಇದು ಚಮನಸಾಬರಿಗೆ ಕಲಿಸಿದ ಉಸ್ತಾದರ ಕಾಲದಿಂದ ಬಂದದ್ದು.

“ಎಣಸೋರು ಯಾರೂ ಇಲ್ಲಲ್ರಿ.”

“ನಾ ಎಣಸ್ತೀನಿ. ಎಣಸ್ತಾ ನಾನೂ ಹೊಡೀತೀನಿ.”

“ಆ ಮಂಡಿ ಇಟ್ಕೊಂಡು ಯಾಕ್ರಿ ನಿಮಗ?”

“ನನ್ನ ಮಂಡಿ ಚಿಂತಿ ನನಗಿರ್ಲಿ. ನೀ ಆ ಕಡೆ ತಿರುಗು.”

ಕೊಟ್ರೇಶ ಕಾಗದವನ್ನು ಕಟ್ಟೆಯ ಮೇಲಿಟ್ಟು, ಅಂಗಿ ಕಳಚಿ, ಪಟದ ಕಡೆ ತಿರುಗಿ ಬಸ್ಕಿ ಹೊಡೆಯತೊಡಗಿದ. ಹಿಂದಿನಿಂದ ಉಸ್ತಾದರ ದನಿ ಬರುತ್ತಿತ್ತು. ಒಂದು, ಎರಡು, ಮೂರು.

ಪ್ರತಿ ಬಸ್ಕಿಗೂ ಅವನ ಕಣ್ಣ ಮುಂದೆ ಒಂದೊಂದು ಮುಖ ಬಂತು. ಕ್ಯಾರಂ ಕಾಯಿ ಹೊಡೆಯುತ್ತಿದ್ದವನ ಮುಖ, ಬಾಯಿ ಮುಚ್ಚಿಕೊಂಡು ನಕ್ಕವನ ಮುಖ, ಚಹಾದ ಲೋಟದ ಮೇಲಿಂದ ನೋಡಿಯೂ ನೋಡದಂತೆ ಕೂತಿದ್ದ ಗದಿಗೆಪ್ಪನ ಮುಖ. ಇವರ ಒಳ್ಳೆಯದಕ್ಕೆ ತಾನು ಒದ್ದಾಡಬೇಕು, ಇವರು ತನ್ನನ್ನು ನಾಯಿಗಿಂತ ಕಡೆ ಮಾಡಬೇಕು! ಅವನ ಸಿಟ್ಟು ತೊಡೆಗಿಳಿಯಿತು. ವೇಗ ಹೆಚ್ಚಿತು.

ಹಿಂದಿನ ಎಣಿಕೆ ನಿಧಾನವಾಗುತ್ತಿತ್ತು. ಮೂವತ್ತೆಂಟು. ಮೂವತ್ತೊಂಬತ್ತು. ಬಹಳ ಹೊತ್ತಿನ ಮೇಲೆ, ನಲವತ್ತು.

ಈ ಮುದುಕರ ಲೆಕ್ಕಕ್ಕೆ ಕಾಯುತ್ತ ಕೂತರೆ ಹತ್ತು ಗಂಟೆಯಾಗುತ್ತದೆ ಎಂದುಕೊಂಡ ಕೊಟ್ರೇಶ, ನಲವತ್ತೊಂದನ್ನು ತಾನೇ ಎಣಿಸಿದ. ಆಮೇಲೆ ನಲವತ್ತೆರಡು. ನೂರರವರೆಗೂ ನಿಲ್ಲಲಿಲ್ಲ.

ನೂರು ಮುಗಿಸಿ, ಬೆವರು ಒರೆಸಿಕೊಳ್ಳುತ್ತ ತಿರುಗಿದ.

ಉಸ್ತಾದರು ನೆಲದ ಮೇಲೆ ಬಿದ್ದಿದ್ದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಎದೆಯ ಮೇಲೆ. ಕಣ್ಣುಗಳು ತೆರೆದಿದ್ದವು, ಮಾತಿಗೆ ಉಸಿರಿರಲಿಲ್ಲ.

“ಅಯ್ಯೋ ಉಸ್ತಾದ್ರ!”

ಓಡಿಹೋಗಿ ಎತ್ತಿ ಗೋಡೆಗೆ ಒರಗಿಸಿದ. ನೀರು ಕುಡಿಸಿದ. ಗಾಳಿ ಹಾಕಲು ಏನೂ ಸಿಗದೆ, ಕಟ್ಟೆಯ ಮೇಲಿದ್ದ ದೂರಿನ ಕಾಗದವನ್ನೇ ತೆಗೆದುಕೊಂಡು ಬೀಸತೊಡಗಿದ.

ಸ್ವಲ್ಪ ಹೊತ್ತಿಗೆ ಉಸ್ತಾದರ ಉಸಿರು ಹದಕ್ಕೆ ಬಂತು.

“ಕರೀಬಾರದೇನ್ರಿ? ಒಂದು ಕೂಗು ಕೂಗಬಾರದೇನ್ರಿ?” ಕೊಟ್ರೇಶ ರೇಗಿದ. ಹೆದರಿಕೆ ಹೋದೊಡನೆ ಅವನಿಗೆ ಸಿಟ್ಟೇ ಬರುತ್ತಿತ್ತು.

“ಎಣಿಕಿ ನಿಂತಿದ್ದು ಕೂಗಲ್ಲೇನು?” ಉಸ್ತಾದರು ಮೆಲ್ಲಗೆ ಕೇಳಿದರು. “ನಾ ಯಾವಾಗ ಬಿದ್ದೆ, ಹೇಳು?”

“ಗೊತ್ತಾಗಲಿಲ್ರಿ.”

“ಆವತ್ತು ಗಿರಣಿ ಮೆಟ್ಟಿಲ ಮ್ಯಾಲೆ ಮುಂದಿದ್ದೋನು ಯಾರು?”

“ನಾನು.”

“ಹಿಂದ?”

“ನಾಗೇಂದ್ರಣ್ಣ.”

“ಅವ ಯಾವಾಗ ಬಿದ್ದ?”

ಬೀಸುತ್ತಿದ್ದ ಕಾಗದ ನಿಂತಿತು.

ಹೊಗೆಯಲ್ಲಿ ಪೈಪು ಹಿಡಿದು ಹತ್ತುವವರಿಗೆ ಒಂದು ಕ್ರಮವಿದೆ. ಪ್ರತಿ ತಿರುವಿನಲ್ಲೂ ಮುಂದಿನವನು ಹಿಂದಿನವನನ್ನು ಕೂಗಬೇಕು. ಅವನ ದನಿ ಬಂದ ಮೇಲೆಯೇ ಮುಂದಿನ ಮೆಟ್ಟಿಲು.

“ಮೊದಲನೇ ತಿರುವಿಗೆ ಕೂಗಿದೆ, ಓ ಅಂದ್ರು,” ಕೊಟ್ರೇಶ ಹೇಳಿದ. “ಎರಡನೇ ತಿರುವಿಗೆ ಕೂಗಲಿಲ್ಲ. ಬೆಂಕಿ ಕಾಣಾಕ ಹತ್ತಿತ್ತು, ಮುಂದ ನುಗ್ಗಿದೆ. ಪೈಪು ಭಾರ ಆತು. ಏನ್ ಮಲಗೀರೇನು, ಬರ್ರಿ ಅಂತ ಬೈದು ಎಳದೆ, ಉಸ್ತಾದ್ರ. ಬಿದ್ದೋರನ್ನ ಬೈದೆ.”

ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಸಹ ಹೇಳಿಕೊಂಡಿರಲಿಲ್ಲ.

“ನಾ ಕೊಂದೆನೇನ್ರಿ?”

“ಇಲ್ಲ. ಎದಿ ನಿಂತದ್ದು ನಿನ್ನಿಂದಲ್ಲ. ನಿಂದಲ್ಲದ ಭಾರ ಹೊರಬ್ಯಾಡ.” ಉಸ್ತಾದರು ಇನ್ನೊಂದು ಗುಟುಕು ನೀರು ಕುಡಿದರು. “ಅವನ್ನ ಕೆಳಗ ತಂದೋರು ಯಾರು?”

ಕೊಟ್ರೇಶ ತಲೆ ತಗ್ಗಿಸಿದ. “ಗದಿಗೆಪ್ಪಣ್ಣ.”

“ಡ್ರೈವರಾದವ ಕೆಳಗ ಗಾಡಿ ಹತ್ರ ಇರಬೇಕಲ್ಲ?”

“ಪೈಪು ಮುಂದ ಹೋಗವಲ್ದು ಅಂತ ಅವನಿಗೇ ಮೊದಲು ಗೊತ್ತಾತು. ಪಂಪು ಇನ್ನೊಬ್ಬರ ಕೈಗೆ ಕೊಟ್ಟು ಓಡಿ ಬಂದ. ಹೆಗಲ ಮ್ಯಾಲೆ ಹಾಕ್ಕೊಂಡು ಒಬ್ಬನೇ ಇಳಿಸಿದ.”

“ಆ ಹೊಟ್ಟಿ ಇಟ್ಕೊಂಡು?”

“ಹೂಂನ್ರಿ. ಆ ಹೊಟ್ಟಿ ಇಟ್ಕೊಂಡು.”

“ಅವನಿಗೆ ನೀ ಹೇಳಿದ ಸಾಮು ಯಾವುದು?”

ಹೆಗಲ ಮೇಲೆ ಭಾರ ಹೊತ್ತು ಮೆಟ್ಟಿಲು ಹತ್ತುವುದು. ಮೊದಲನೇ ತಿರುವಿನಲ್ಲಿ ಗದಿಗೆಪ್ಪ ಗೋಡೆ ಹಿಡಿದು ಕೂತದ್ದು ಈಗ ಕೊಟ್ರೇಶನಿಗೆ ಸರಿಯಾಗಿ ಕಂಡಿತು. ಆತ ಏದುಸಿರು ಬಿಡುತ್ತಿರಲಿಲ್ಲ. ನಾಗೇಂದ್ರಪ್ಪ ಅಲ್ಲಿಯೇ ಬಿದ್ದಿದ್ದಾನೇನೋ ಎಂಬಂತೆ ಕೆಳಗಿನ ಮೆಟ್ಟಿಲನ್ನೇ ನೋಡುತ್ತಿದ್ದ. ತಾನು ಹೋಗಿ ಅವನ ಕಿವಿಯ ಹತ್ತಿರವೇ ಸೀಟಿ ಊದಿದ್ದೂ ನೆನಪಾಯಿತು.

ಹೊಳೆಯ ಕಡೆಯಿಂದ ಪೈಲ್ವಾನರ ಮಾತು ಕೇಳಿಸುತ್ತಿತ್ತು.

ಆದರೂ ಕೊಟ್ರೇಶನ ಒಳಗಿನ ಉರಿ ಪೂರ್ತಿ ಆರಲಿಲ್ಲ. “ಅಲ್ರಿ ಉಸ್ತಾದ್ರ, ಸಾಮು ಮಾಡದಿದ್ರ ನಾಳೆ ಇನ್ನೊಬ್ಬರು ಬೀಳ್ತಾರ. ಮತ್ತೊಂದು ಫೋಟೋ ಹಾಕ್ತಾರ ಗ್ವಾಡಿಗೆ. ಅದೂ ಖರೇ ಅಲ್ಲೇನ್ರಿ?”

“ಖರೇನ. ಆ ಸಿಟ್ಟು ಬಿಡಬ್ಯಾಡ.”

“ಮತ್ತ ನಾ ಏನ್ ಮಾಡ್ಲಿ?”

ಉಸ್ತಾದರು ಅವನ ಭುಜ ಹಿಡಿದು ಮೆಲ್ಲಗೆ ಎದ್ದು ನಿಂತರು. ಬೆವರಿಗೆ ತೊಯ್ದು ಮುದ್ದೆಯಾಗಿದ್ದ ದೂರಿನ ಕಾಗದವನ್ನು ನೋಡಿ, ಗಾಳಿ ಬೀಸೋದಕ್ಕಾದರೂ ಬಂತಲ್ಲ ಎಂದರು. ಆಮೇಲೆ ಸೇತುವೆಯ ಕಡೆ ಕೈ ತೋರಿಸಿದರು.

“ಸೀಟಿ ನಾಯಿ ಕೊರಳಾಗೇ ಇರ್ಲಿ. ನೀ ಗದಿಗೆಪ್ಪನ ಎದುರಿಗೆ ಹೋಗಿ ನಿಂತು, ‘ಅಣ್ಣಾ, ನನ್ನ ಬಸ್ಕಿ ಎಣಸು’ ಅನ್ನು.”